ಕೇಪಳದ ಎಲೆ ಹಳದಿಯಾದರೆ

ಮೈಸೂರು, ಮಂಡ್ಯ ಕಡೆ ಬೋರ್‌ವೆಲ್ ನೀರು ಕುಡಿಯುವ ಕೇಪಳಕ್ಕೆ (ನರ್ಸರಿಯವರ ಇಕ್ಸೋರಾ) ಇದು ಮಾಮೂಲಿ. ಮೊದಲು ಯಾವ ಎಲೆ ಅಂತ ನೋಡಿ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇರುತ್ತೆ, ಸುಣ್ಣದಂಶ ಹೆಚ್ಚಾದಾಗ ಬೇರಿಗೆ ಸಿಗಲ್ಲ. ಕಾಫಿ ಕುಟುಂಬದ ಗಿಡವಲ್ಲವೇ, ಹುಳಿ ಮಣ್ಣೇ ಬೇಕು.

ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ನಾಲ್ಕು ಹನಿ ನಿಂಬೆರಸ ಸಂಜೆ ಹೊತ್ತು ಬೆರೆಸಿ, ಬೆರೆಸಿದ ಕೂಡಲೇ ಎಲೆಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹಳೇ ಎಲೆ ಹಸಿರಾಗದಿದ್ದರೂ ಚಿಂತೆಯಿಲ್ಲ, ಹೊಸ ಚಿಗುರು ನೋಡಿ. ಸುಣ್ಣ ಬಿಡುವ ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟಿದ್ದರೆ ಮಾತ್ರ ಜಾಗ ಬದಲಿಸುವುದೇ ವಾಸಿ.

ಗೊಂಚಲು ಬರುವುದು ಹೊಸ ಕೊಂಬೆಯ ತುದಿಯಲ್ಲಿ. ಹೂ ಒಣಗಿದ ಕೂಡಲೇ ಎರಡು ಗೆಣ್ಣು ಕೆಳಗೆ ಕತ್ತರಿಸಿ. ಮೊಗ್ಗು ಕಂಡಮೇಲೆ ಕತ್ತರಿ ಮುಟ್ಟಬೇಡಿ.