ಸ್ವಂತ ಕಡತಗಳಿಗೆ ಕ್ಲೌಡ್ ಸಂಗ್ರಹ ಆರಿಸುವ ಬಗೆ

ಕ್ಲೌಡ್ ಸಂಗ್ರಹದ ಮಾತು ಬಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಎಷ್ಟು ಜಿಬಿ ಉಚಿತ ಎಂಬುದನ್ನು. ಬಾಡಿಗೆ ಮನೆ ನೋಡಲು ಹೋದವರು ಕೋಣೆಗಳ ಅಳತೆಯನ್ನಷ್ಟೇ ಕೇಳಿ ಮರಳುವುದಿಲ್ಲ. ಬೀಗದ ಕೈ ಇನ್ನಾರ ಬಳಿ ಇದೆ, ಬಾಡಿಗೆ ತಡವಾದರೆ ಏನಾಗುತ್ತದೆ, ಮನೆ ಬಿಡುವ ದಿನ ಸಾಮಾನು ಸಾಗಿಸಲು ದಾರಿ ಸಲೀಸಾಗಿದೆಯೇ ಎಂದೂ ವಿಚಾರಿಸುತ್ತಾರೆ. ಕಡತಗಳನ್ನು ಇನ್ನೊಬ್ಬರ ಸರ್ವರಿನಲ್ಲಿ ಇಡುವಾಗಲೂ ಈ ಪ್ರಶ್ನೆಗಳೇ ಮುಖ್ಯ. ಜಾಗದ ಲೆಕ್ಕ ಕೊನೆಗೆ ಬಂದರೆ ಸಾಕು.

ಮೊದಲು ನಿಮ್ಮಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಬಹುಪಾಲು ಮನೆಗಳಲ್ಲಿ ಜಾಗ ತಿನ್ನುವುದು ಫೋಟೊ ಮತ್ತು ವಿಡಿಯೊ. ಪತ್ರ, ಪಹಣಿ, ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳೆಲ್ಲ ಸೇರಿದರೂ ಒಂದೆರಡು ಜಿಬಿ ದಾಟುವುದು ಅಪರೂಪ. ಚಾಲನಾ ಪರವಾನಗಿ, ವಾಹನದ ಆರ್‌ಸಿ, ಆಧಾರ್‌ನಂಥವನ್ನು ಸ್ಕ್ಯಾನ್ ಮಾಡಿ ಎಲ್ಲೋ ಇಡುವುದಕ್ಕಿಂತ, 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಡಿಜಿಲಾಕರ್‌ಗೆ ನೇರವಾಗಿ ತರಿಸಿಕೊಳ್ಳುವುದು ಮೇಲು, ಏಕೆಂದರೆ ಇಲಾಖೆಯೇ ಅಲ್ಲಿ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲಪ್ರತಿಯ ಸ್ಥಾನವಿದೆ. ನೀವಾಗಿ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗೆ ಆ ಸ್ಥಾನವಿಲ್ಲ. ಅದು ದಾಖಲೆಗಳ ಪೆಟ್ಟಿಗೆಯೇ ಹೊರತು ಮದುವೆಯ ವಿಡಿಯೊ ಇಡುವ ಉಗ್ರಾಣವಲ್ಲ.

ಉಚಿತ ಜಾಗದ ಅಂಕಿಗಳು ಹೀಗಿವೆ: ಗೂಗಲ್ 15 ಜಿಬಿ, ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಮತ್ತು ಆಪಲ್‌ನ ಐಕ್ಲೌಡ್ ತಲಾ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಗೂಗಲ್‌ನ 15 ಜಿಬಿ ದೊಡ್ಡದಾಗಿ ಕಂಡರೂ ಡ್ರೈವ್, ಫೋಟೊ, ಜಿಮೇಲ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. 2021ರ ಜೂನ್ 1ರವರೆಗೆ ಕುಗ್ಗಿಸಿದ ಗುಣಮಟ್ಟದ ಫೋಟೊಗಳನ್ನು ಈ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ದಿನದಿಂದ ಏರಿಸಿದವು ಮಾತ್ರ ಸೇರುತ್ತವೆ. ಜಾಗ ತುಂಬಿತೆಂದರೆ ಹೊಸ ಫೋಟೊ ಏರದಿರುವುದು ಸಣ್ಣ ತೊಂದರೆ, ಜಿಮೇಲ್‌ಗೆ ಪತ್ರ ಬರುವುದೇ ನಿಲ್ಲುವುದು ದೊಡ್ಡ ತೊಂದರೆ. ಬ್ಯಾಂಕಿನ ಪತ್ರಗಳು ಬರುವ ವಿಳಾಸಕ್ಕೆ ಮೊಮ್ಮಗುವಿನ ವಿಡಿಯೊಗಳನ್ನೂ ಕಟ್ಟಿಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಮುಂದಿನದು ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆ. ಗೂಗಲ್, ಮೈಕ್ರೋಸಾಫ್ಟ್, ಡ್ರಾಪ್‌ಬಾಕ್ಸ್‌ಗಳು ನಿಮ್ಮ ಕಡತಗಳನ್ನು ಗೂಢಲಿಪಿಯಲ್ಲಿಯೇ ಇಡುತ್ತವೆಯಾದರೂ, ವೈಯಕ್ತಿಕ ಖಾತೆಗಳಲ್ಲಿ ಅದನ್ನು ಬಿಡಿಸುವ ಕೀಲಿ ಸಾಮಾನ್ಯವಾಗಿ ಕಂಪನಿಯ ಬಳಿಯೇ ಇರುತ್ತದೆ. ಪ್ರೋಟಾನ್ ಡ್ರೈವ್, ಮೆಗಾ ಮೊದಲಾದವುಗಳಲ್ಲಿ ಕೀಲಿ ನಿಮ್ಮಲ್ಲಿ ಮಾತ್ರ ಇರುವುದರಿಂದ ಕಂಪನಿಯವರೂ ಒಳಗಿನದನ್ನು ಓದಲಾರರು. ಕೇಳಲು ಇದೇ ಉತ್ತಮವೆನಿಸುತ್ತದೆ, ಆದರೆ ಪಾಸ್‌ವರ್ಡ್ ಜೊತೆಗೆ ಮರುಪಡೆಯುವ ಕೀಲಿಯನ್ನೂ ಕಳೆದುಕೊಂಡರೆ ನಿಮ್ಮ ಕಡತಗಳನ್ನು ಯಾರೂ ತೆರೆದುಕೊಡಲಾರರು. ಆಪಲ್ 2022ರ ಡಿಸೆಂಬರ್‌ನಿಂದ ಇಂಥದೇ ಏರ್ಪಾಡನ್ನು ಬೇಕಾದವರು ಆರಿಸಿಕೊಳ್ಳುವಂತೆ ನೀಡಿದೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಮಾತ್ರ, 2025ರ ಫೆಬ್ರವರಿಯಲ್ಲಿ ಅಲ್ಲಿನ ಹೊಸ ಬಳಕೆದಾರರಿಗೆ ಅದನ್ನು ನಿಲ್ಲಿಸಲಾಯಿತು ಎಂಬುದನ್ನು ಗಮನದಲ್ಲಿಡಬೇಕು. ಪಾಸ್‌ವರ್ಡನ್ನು ಆಗಾಗ ಮರೆಯುವ ಹಿರಿಯರ ಖಾತೆಗೆ ಇಷ್ಟು ಬಿಗಿಯಾದ ಬೀಗವನ್ನು ನಾನು ಸೂಚಿಸುವುದಿಲ್ಲ. ಮನೆಯ ಫೋಟೊಗಳನ್ನು ಸಾಮಾನ್ಯ ಸೇವೆಯಲ್ಲಿಟ್ಟು, ಆಸ್ತಿ ಮತ್ತು ಆರೋಗ್ಯದ ಕಾಗದಪತ್ರಗಳ ಫೋಲ್ಡರನ್ನು ಮಾತ್ರ ಕ್ರಿಪ್ಟೊಮೇಟರ್‌ನಂಥ ಮುಕ್ತ ತಂತ್ರಾಂಶದಿಂದ ಮೊದಲೇ ಬೀಗ ಹಾಕಿ ಏರಿಸುವುದು ಒಂದು ನಡುದಾರಿ. ಯಾವುದನ್ನು ಆರಿಸಿದರೂ ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆಯನ್ನೂ ಕೇಳುವ ಏರ್ಪಾಡು) ಚಾಲೂ ಮಾಡಿ, ಮರುಪಡೆಯುವ ಸಂಕೇತಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಸಿಂಕ್ ಮತ್ತು ಬ್ಯಾಕಪ್ ಒಂದೇ ಎಂಬ ಭ್ರಮೆಯಿಂದ ಆಗುವಷ್ಟು ನಷ್ಟ ಬಹುಶಃ ಕಳ್ಳರಿಂದಲೂ ಆಗದು. ಬ್ಯಾಕಪ್ ಎಂದರೆ ಬೇರೆಯಾಗಿ ಉಳಿಯುವ ಪ್ರತಿ, ಸಿಂಕ್ ಎಂದರೆ ಎಲ್ಲ ಕಡೆಯೂ ಒಂದೇ ಸ್ಥಿತಿ ಕಾಯುವುದು. ಮೇಲೆ ಹೇಳಿದ ಸೇವೆಗಳಲ್ಲಿ ಹೆಚ್ಚಿನವು ಸಿಂಕ್ ಸೇವೆಗಳು: ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲಿಯೂ, ಅಲ್ಲಿಂದ ಫೋನಿನಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿ 30 ದಿನಗಳಾದ ಮೇಲೆ ತಾನಾಗಿ ಬರಿದಾಗುತ್ತದೆ. ಫೋನಿನಲ್ಲಿ ಜಾಗ ಮಾಡಿಕೊಳ್ಳಲೆಂದು ಫೋಟೊ ಅಳಿಸಿ, ಎರಡು ತಿಂಗಳ ಬಳಿಕ ಕ್ಲೌಡ್‌ನಲ್ಲಿ ಹುಡುಕಿ ಕಂಗಾಲಾದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಕ್ಲೌಡ್ ಎಷ್ಟೇ ಒಳ್ಳೆಯದಿರಲಿ, ಮನೆಯಲ್ಲೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತ್ಯೇಕ ಪ್ರತಿ ಇರಲೇಬೇಕು. 2012ರ ಜನವರಿಯಲ್ಲಿ ಅಮೆರಿಕದ ಅಧಿಕಾರಿಗಳು ಮೆಗಾಅಪ್‌ಲೋಡ್ ಎಂಬ ಕಡತ ಹಂಚಿಕೆಯ ತಾಣವನ್ನು ಮುಚ್ಚಿಸಿದಾಗ, ಯಾವ ತಪ್ಪನ್ನೂ ಮಾಡದೆ ಸ್ವಂತ ಕಡತಗಳನ್ನು ಅಲ್ಲಿಟ್ಟಿದ್ದವರಿಗೂ ಬಾಗಿಲು ಮುಚ್ಚಿತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪರೀಕ್ಷೆಯಿದೆ, ಇದನ್ನು ಇಂಗ್ಲಿಷ್ ವಿಮರ್ಶೆಗಳು ಹೇಳಿಕೊಡುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಕ್ಲೌಡ್‌ನ ಸಂಪಾದಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ಅದು ಸೇವೆಯ ದೋಷವಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು, ಹೀಗಾಗಿ ಫಾಂಟು ಇಲ್ಲದ ಕಡೆ ಮುಸುಕು ಕಳಚಿ ಬೀಳುತ್ತದೆ. ಹುಡುಕಿದರೂ ಒಂದು ಪದ ಸಿಗದು. ಏರಿಸುವ ಮೊದಲು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಸ್ಥಾನಗಳಿರುವ ಯುನಿಕೋಡ್‌ಗೆ ಪರಿವರ್ತಿಸಿ, ಮೂಲ ಕಡತವನ್ನೂ ಫಾಂಟು ಅಡಕವಾಗಿರುವ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ. ಸ್ಕ್ಯಾನ್ ಮಾಡಿದ ಅಚ್ಚಿನ ಪುಟಗಳು ಹೆಚ್ಚಾಗಿದ್ದರೆ ಗೂಗಲ್ ಡ್ರೈವ್‌ಗೆ ಒಂದು ಅಂಕ ಹೆಚ್ಚು ಕೊಡಬಹುದು, ಏಕೆಂದರೆ ಚಿತ್ರವನ್ನು ಗೂಗಲ್‌ನ ಸಂಪಾದಕವಾದ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವನ್ನು ಗುರುತಿಸಿ ಕೊಡುತ್ತದೆ. ಅಜ್ಜನ ಕೈಬರಹದ ಪತ್ರಗಳಿಂದ ಮಾತ್ರ ಅಷ್ಟನ್ನು ನಿರೀಕ್ಷಿಸಬೇಡಿ.

ಹಣ ಕಟ್ಟುವ ವಿಷಯದಲ್ಲಿ, ರೂಪಾಯಿಯಲ್ಲಿ ದರ ಹೇಳುವ, ಯುಪಿಐ ಒಪ್ಪುವ ಸೇವೆ ಭಾರತದಲ್ಲಿರುವವರಿಗೆ ಅನುಕೂಲ. 2021ರ ಅಕ್ಟೋಬರ್ 1ರಿಂದ ತಾನಾಗಿ ಕಡಿತವಾಗುವ ಕಂತುಗಳ ಕುರಿತ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮಗಳು ಜಾರಿಗೆ ಬಂದ ಮೇಲೆ, ಇಲ್ಲಿನ ಕಾರ್ಡುಗಳಿಂದ ವಿದೇಶಿ ಸೇವೆಗಳಿಗೆ ತಾನಾಗಿ ಹೋಗುತ್ತಿದ್ದ ಎಷ್ಟೋ ಪಾವತಿಗಳು ತಪ್ಪಿದವು. ಕಂತು ತಪ್ಪಿದಾಗ ಎಷ್ಟು ದಿನಗಳ ಅವಕಾಶವಿದೆ ಎಂಬುದನ್ನು ನಿಬಂಧನೆಗಳಲ್ಲಿ ಓದಿಕೊಳ್ಳಿ. ಉಚಿತ ಖಾತೆಯವರೂ ನಿಶ್ಚಿಂತರಲ್ಲ: ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಗೂಗಲ್ ಖಾತೆಯನ್ನು, ಅದರೊಳಗಿನ ಎಲ್ಲದರೊಂದಿಗೆ, ಕಂಪನಿ ಅಳಿಸಿಹಾಕಬಹುದು.

ಇದರಿಂದಲೇ ಹುಟ್ಟುವ ಪ್ರಶ್ನೆ, ನಮ್ಮ ನಂತರ ಇವೆಲ್ಲ ಯಾರಿಗೆ ಎಂಬುದು. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥಾಪಕ ಎಂಬ ಸೌಲಭ್ಯದಲ್ಲಿ ಹತ್ತು ಜನರವರೆಗೆ ನಂಬಿಕಸ್ಥರನ್ನು ಸೂಚಿಸಬಹುದು. ಆಪಲ್‌ನಲ್ಲಿ ಐದು ಜನರನ್ನು. ಮಕ್ಕಳು ದೂರದೇಶದಲ್ಲಿದ್ದರೆ ಈ ಸೌಲಭ್ಯವಿಲ್ಲದ ಸೇವೆಯನ್ನು ನಾನಂತೂ ಆರಿಸುವುದಿಲ್ಲ.

ಇಷ್ಟು ನೋಡಿದ ಮೇಲೆ ಎರಡು ಸೇವೆಗಳು ಉಳಿದಾವು. ಎರಡರಲ್ಲಿಯೂ ಉಚಿತ ಖಾತೆ ತೆರೆದು, ಕನ್ನಡ ಹೆಸರಿನ ಒಂದು ಫೋಲ್ಡರಿನಲ್ಲಿ ಒಂದು ಜಿಬಿಯಷ್ಟು ಕಡತಗಳನ್ನು ಏರಿಸಿ. ಮನೆಯ ಸಂಪರ್ಕದ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 100 ಜಿಬಿ ಏರಲು ಎಡೆಬಿಡದೆ ಸುಮಾರು 22 ಗಂಟೆ ಬೇಕೆಂಬ ಲೆಕ್ಕ ನೆನಪಿರಲಿ. ವಾರದ ಬಳಿಕ ಆ ಫೋಲ್ಡರನ್ನು ಬೇರೊಂದು ಕಂಪ್ಯೂಟರಿಗೆ ಪೂರ್ತಿ ಇಳಿಸಿಕೊಂಡು, ಹೆಸರುಗಳು, ಫೋಟೊ ತೆಗೆದ ದಿನಾಂಕಗಳು, ಕಡತಗಳ ಗಾತ್ರ ಹಾಗೆಯೇ ಉಳಿದಿವೆಯೇ ಎಂದು ಹೋಲಿಸಿ. ಗೂಗಲ್ ಆದರೆ ಟೇಕ್‌ಔಟ್ ಮೂಲಕ ಎಲ್ಲವನ್ನೂ ಒಟ್ಟಿಗೆ ಹೊರತೆಗೆದೂ ನೋಡಿ. ಫೋಟೊಗಳ ಕೆಲವು ವಿವರಗಳು ಜೇಸನ್ ಎಂಬ ಬೇರೆ ಪಠ್ಯ ಕಡತಗಳಲ್ಲಿ ಬರುವುದು ಆಗ ತಿಳಿಯುತ್ತದೆ. ಇಳಿಸಿಕೊಂಡದ್ದು ಸರಿಯಿದೆ ಎನಿಸಿದ ಸೇವೆಗೆ ಮೊದಲು ಒಂದು ತಿಂಗಳ ಚಂದಾ ಕಟ್ಟಿ. ವರ್ಷದ ಚಂದಾ ಆಮೇಲೆ.