ಲಿಫ್ಟ್ ಇಲ್ಲದ ಹಿಮಬೆಟ್ಟಕ್ಕೆ ಸ್ನೋಬೋರ್ಡ್: ಮೊದಲು ಏನು ಕೊಳ್ಳಬೇಕು?

ಹಿಮಕ್ರೀಡೆಯ ರೆಸಾರ್ಟಿನಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಬಿಟ್ಟು ಸ್ವಂತ ಕಾಲಲ್ಲೇ ಬೆಟ್ಟ ಹತ್ತಿ, ಯಾರೂ ತುಳಿಯದ ಹಿಮದಲ್ಲಿ ಇಳಿಯಬೇಕು ಅನ್ನಿಸಿದವರು ಮೊದಲು ಹುಡುಕುವುದು ಹೊಸ ಸ್ನೋಬೋರ್ಡನ್ನು, ಅಂದರೆ ಎರಡೂ ಕಾಲು ಬಿಗಿದುಕೊಂಡು ಹಿಮದ ಮೇಲೆ ಜಾರುವ ಹಲಗೆಯನ್ನು. ನನ್ನನ್ನು ಕೇಳಿದರೆ ಬೋರ್ಡ್ ಕೊನೆಗೆ ಬರಲಿ. ಅಲ್ಲಿ ರೆಸಾರ್ಟಿನಲ್ಲಿರುವಂತೆ ಕಾಪಾಡುವ ಗಸ್ತಿನವರು ಇರುವುದಿಲ್ಲ. ಜೊತೆಗಾರ ಹಿಮಕುಸಿತದಲ್ಲಿ ಹೂತುಹೋದರೆ ಅಗೆದು ತೆಗೆಯಬೇಕಾದವರು ನೀವೇ.

ಮೊದಲು ಜೀವ ಉಳಿಸುವ ಮೂರು

ಟ್ರಾನ್ಸೀವರ್, ಪ್ರೋಬ್, ಸಲಿಕೆ. ತಂಡದ ಪ್ರತಿಯೊಬ್ಬರ ಹತ್ತಿರವೂ ಈ ಮೂರೂ ಇರಬೇಕು. ಟ್ರಾನ್ಸೀವರ್ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುತ್ತದೆ, ಹೂತವರ ಸಂಕೇತವನ್ನೂ ಹುಡುಕುತ್ತದೆ. ಮೂರು ಆಂಟೆನಾ ಇರುವ ಡಿಜಿಟಲ್ ಮಾದರಿಯನ್ನೇ ಕೊಳ್ಳಿ, ಅದೂ ಹೊಸದು. ಇದೊಂದರಲ್ಲಿ ಸೆಕೆಂಡ್‌ಹ್ಯಾಂಡ್ ಬೇಡ. ಮೊಬೈಲನ್ನು ಅದರಿಂದ ಕನಿಷ್ಠ 20 ಸೆಂ.ಮೀ. ದೂರ ಇಡಿ, ಹುಡುಕುವಾಗ ಇನ್ನೂ ದೂರ.

ಟ್ರಾನ್ಸೀವರ್ ತೋರಿಸಿದ ಜಾಗದಲ್ಲಿ ಚುಚ್ಚಿ ನೋಡುವ ಮಡಿಚುವ ಕೋಲೇ ಪ್ರೋಬ್. 240 ಸೆಂ.ಮೀ.ಗಿಂತ ಕಡಿಮೆ ಬೇಡ. ಸಲಿಕೆಯ ಅಲಗು ಅಲ್ಯೂಮಿನಿಯಂದಾಗಿರಲಿ. ಕುಸಿದು ನಿಂತ ಹಿಮ ಗಟ್ಟಿಯಾಗಿಬಿಡುತ್ತದೆ, ಪ್ಲಾಸ್ಟಿಕ್ ಅಲಗು ಅದಕ್ಕೆ ತಾಳುವುದಿಲ್ಲ. ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ಸರ್ರನೆ ಇಳಿಯುತ್ತದೆ. ಹಾಗಾಗಿ ಬಳಸಲು ಬಾರದ ಸಾಧನ ಸುಮ್ನೆ ಭಾರ ಅಷ್ಟೇ. ಬೋರ್ಡಿಗೆ ಎತ್ತಿಟ್ಟ ದುಡ್ಡಲ್ಲಿ ಮೊದಲು ಹಿಮಕುಸಿತ ಸುರಕ್ಷತೆಯ ತರಬೇತಿ ಪಡೆಯಿರಿ.

ಆಮೇಲೆ ಬೂಟು

ಈಗಿರುವ ಸ್ನೋಬೋರ್ಡ್ ಬೂಟೇ ಶುರುವಿಗೆ ಸಾಕು. ಹಿಮ್ಮಡಿ ಒಳಗೆ ಎದ್ದು ಎದ್ದು ಕೂರುತ್ತಿದ್ದರೆ ಮಾತ್ರ ಬದಲಿಸಿ, ಗಂಟೆಗಟ್ಟಲೆ ಹತ್ತುವಾಗ ಬೊಬ್ಬೆ ಏಳುವುದು ಅಲ್ಲೇ.

ಬೋರ್ಡ್: ಬಾಡಿಗೆಗೆ ತಂದು ನೋಡಿ

ಹತ್ತುವಾಗ ಉದ್ದಕ್ಕೆ ಎರಡಾಗಿ ಬಿಡಿಸಿ ಸ್ಕೀಗಳಂತೆ ಹಾಕಿಕೊಂಡು, ಇಳಿಯುವಾಗ ಮತ್ತೆ ಜೋಡಿಸುವ ಬೋರ್ಡೇ ಸ್ಪ್ಲಿಟ್‌ಬೋರ್ಡ್. ಇದಕ್ಕೆ ಬೇರೆಯದೇ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಕಟ್ಟು) ಬೇಕು. ಕಾಲು ಹಿಮದಲ್ಲಿ ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲವಾದ ಸ್ನೋಶೂ ಹಾಕಿ, ಮಾಮೂಲಿ ಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡೂ ಹತ್ತಬಹುದು. ಆದರೆ ಆಳದ ಹಿಮದಲ್ಲಿ ಸುಸ್ತು ಜಾಸ್ತಿ. ಬಾಡಿಗೆಯದನ್ನು ಕೆಲವು ಸಲ ಬಳಸಿದ ಮೇಲೆ, ಈಗಿನ ಬೋರ್ಡಿನ ಉದ್ದದ್ದೇ ಅಥವಾ ಸ್ವಲ್ಪ ಉದ್ದದ್ದು ನೋಡಿ. ಇದರಲ್ಲಿ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಅಂಚಿನ ಲೋಹ ಎದ್ದಿದೆಯಾ, ಜೋಡಿಸುವ ಕೊಕ್ಕೆಗಳು ಬಿಗಿಯಾಗಿ ಕೂರುತ್ತವಾ ಅಂತ ನೋಡಿ. ಎರಡು ಭಾಗದ ನಡುವೆ ಅಲುಗಾಟ ಇದ್ದರೆ ಬಿಟ್ಟುಬಿಡಿ.

ಅಂಗಡಿಯಲ್ಲೇ ಕೈಗವಸು ಹಾಕಿಕೊಂಡು ಬೋರ್ಡನ್ನು ಬಿಡಿಸಿ, ಜೋಡಿಸಿ, ಬೈಂಡಿಂಗ್ ತಿರುಗಿಸಿ ಕೂರಿಸಿ. ಗಾಳಿ ಬೀಸುವ ಶಿಖರದ ಮೇಲೆ ಇದೇ ಕೆಲಸ ಮಾಡಬೇಕಲ್ವಾ!

ಸ್ಕಿನ್

ಹತ್ತುವಾಗ ಬೋರ್ಡಿನ ತಳಕ್ಕೆ ಅಂಟಿಸುವ, ಒಂದು ಕಡೆಗೆ ಮಲಗಿದ ರೋಮದ ಪಟ್ಟಿ ಇದು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರಲು ಬಿಡುವುದಿಲ್ಲ. ಮೊಹೇರ್‌ನದು (ಅಂಗೋರಾ ಮೇಕೆಯ ಕೂದಲಿನದು) ಚೆನ್ನಾಗಿ ಜಾರುತ್ತದೆ, ಬೇಗ ಸವೆಯುತ್ತದೆ. ನೈಲಾನ್ ಗಟ್ಟಿ, ಹಿಡಿತವೂ ಜಾಸ್ತಿ. ಹೊಸಬರಿಗೆ ನೈಲಾನ್ ಅಥವಾ ಎರಡೂ ಬೆರೆತದ್ದು ಒಳ್ಳೆಯದು. ಅಳತೆಗೆ ಕತ್ತರಿಸುವಾಗ ಎರಡೂ ಬದಿಯ ಲೋಹದ ಅಂಚು ಹೊರಗೆ ಕಾಣುತ್ತಿರಬೇಕು. ಅದು ಮುಚ್ಚಿಹೋದರೆ ಗಟ್ಟಿ ಹಿಮದ ಓರೆಯಲ್ಲಿ ಹಿಡಿತವೇ ಸಿಗುವುದಿಲ್ಲ. ಮತ್ತೊಮ್ಮೆ ಹತ್ತುವುದಿದ್ದರೆ, ಇಳಿಯುವಾಗ ಸ್ಕಿನ್ ಜಾಕೆಟ್ಟಿನ ಒಳಗಿರಲಿ. ಅಂಟು ತಣ್ಣಗಾಗಿ ಹಿಮ ಮೆತ್ತಿಕೊಂಡರೆ ಮತ್ತೆ ಅಂಟುವುದೇ ಕಷ್ಟ.

ಉಳಿದದ್ದು

ಇಳಿಯುವಾಗ ಚೀಲಕ್ಕೆ ಸೇರುವಂತೆ ಮಡಿಚುವ ಪೋಲ್ (ಹತ್ತುವಾಗ ಊರುವ ಕೋಲು), ಹೆಲ್ಮೆಟ್, ಮೈಗಂಟುವ ಬಟ್ಟೆ ಹತ್ತಿಯದಲ್ಲದೆ ಉಣ್ಣೆ ಅಥವಾ ಸಿಂಥೆಟಿಕ್. ಚೀಲ 30 ಲೀಟರಿನ ಆಸುಪಾಸು ಇದ್ದರೆ ಸಾಕು. ಸಲಿಕೆ ಮತ್ತು ಪ್ರೋಬ್‌ಗೆ ಮಾತ್ರ ಪ್ರತ್ಯೇಕ ಜೇಬು ಇರಲೇಬೇಕು. ಜೊತೆಗೊಂದು ಸ್ಕ್ರೂಡ್ರೈವರ್, ಬೈಂಡಿಂಗಿನ ಬಿಡಿ ಸ್ಕ್ರೂ, ಒಂದೆರಡು ರಬ್ಬರ್ ಪಟ್ಟಿ ಹಾಕಿಕೊಳ್ಳಿ. ದೂರದ ಕಣಿವೆಯಲ್ಲಿ ಬೈಂಡಿಂಗ್ ಕಳಚಿದರೆ ಸೊಂಟದವರೆಗಿನ ಹಿಮದಲ್ಲಿ ನಡೆದೇ ವಾಪಸ್ ಬರಬೇಕಾಗುತ್ತದೆ.