ಅರ್ಸೆನೈಟ್ ಹಾಕದ ಡಿಶ್‌ನಲ್ಲೂ ಹನಿಗಳು

ಕನ್‌ಫೋಕಲ್ ಮೈಕ್ರೋಸ್ಕೋಪಿನ ಪರದೆಯ ಮೇಲೆ ಅವು ಎಷ್ಟು ಚೆಂದ ಕಂಡವೆಂದರೆ, ಡಿಶ್‌ನ ಮುಚ್ಚಳದ ಮೇಲೆ ಏನು ಬರೆದಿದೆ ಅಂತ ನೋಡುವುದನ್ನೇ ಮರೆತೆ. ಸೈಟೋಪ್ಲಾಸಂ ತುಂಬ ದುಂಡುದುಂಡಗಿನ ಹಸಿರು ಹನಿಗಳು. ಎರಡು ಹನಿ ಹತ್ತಿರ ಬಂದವು, ತಾಗಿದವು, ಒಂದರೆಗಳಿಗೆ ಎಂಟರ ಆಕಾರದಲ್ಲಿ ನಿಂತು, ಆಮೇಲೆ ಒಂದೇ ದೊಡ್ಡ ಹನಿಯಾದವು. ಖುಷಿಯಲ್ಲಿ ವಿಡಿಯೋ ಉಳಿಸಿಕೊಂಡು ಮುಚ್ಚಳ ಎತ್ತಿ ನೋಡಿದೆ: ಕಂಟ್ರೋಲ್. ಹೋಲಿಕೆಗೆಂದು ಹಾಗೇ ಬಿಟ್ಟ ಡಿಶ್ ಅದು. ಕೋಶಗಳಿಗೆ ಪೆಟ್ಟು ಕೊಡುವ ವಿಷ, ಸೋಡಿಯಂ ಅರ್ಸೆನೈಟನ್ನು ನಾನು ಅದಕ್ಕೆ ಹಾಕಿರಲೇ ಇಲ್ಲ.

ನಾನು ನೋಡಹೊರಟಿದ್ದು ಸ್ಟ್ರೆಸ್ ಗ್ರ್ಯಾನ್ಯೂಲ್‌ಗಳನ್ನು, ಅಂದರೆ ಒತ್ತಡಕ್ಕೆ ಸಿಕ್ಕ ಜೀವಕೋಶದೊಳಗೆ ಕಟ್ಟುವ ಹನಿಗಳನ್ನು. ಜೀವಕೋಶಕ್ಕೆ ಅರ್ಸೆನೈಟಿನಂಥ ಪೆಟ್ಟು ಬಿದ್ದಾಗ ಇಐಎಫ್2-ಆಲ್ಫಾ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಹೊಸ ಪ್ರೋಟೀನು ಕಟ್ಟುವ ಕೆಲಸ ನಿಲ್ಲುತ್ತದೆ. ಪ್ರೋಟೀನು ಕಟ್ಟುವ ಯಂತ್ರಗಳಾದ ರೈಬೋಸೋಮ್‌ಗಳು, ಅದರ ಸೂಚನೆ ಹೊತ್ತ ಎಂಆರ್‌ಎನ್‌ಎ ಮೇಲಿಂದ ಇಳಿದುಹೋಗುತ್ತವೆ. ಹಾಗೆ ಬರಿದಾದ ಆರ್‌ಎನ್‌ಎಗೆ ಜಿ3ಬಿಪಿ1 ಎಂಬ ಪ್ರೋಟೀನು ಕೈಹಾಕಿ, ಒಂದಕ್ಕೊಂದು ಕೊಂಡಿ ಬೆಸೆದು ಹನಿ ಕಟ್ಟುತ್ತದೆ. ಸುತ್ತ ಯಾವ ಪೊರೆಯೂ ಇಲ್ಲ. ನೀರಿನಲ್ಲಿ ಎಣ್ಣೆ ಬೇರೆಯಾಗಿ ನಿಲ್ಲುವ ಹಾಗೆ ಅಷ್ಟೆ.

2009ರಲ್ಲಿ ಸಿ. ಎಲಿಗನ್ಸ್ ಹುಳುವಿನ ಪಿ ಗ್ರ್ಯಾನ್ಯೂಲ್‌ಗಳು (ಇವೂ ಪೊರೆಯಿಲ್ಲದ ಕಣಗಳೇ) ದ್ರವದಂತೆ ಹರಿಯುತ್ತವೆ, ಒಂದರೊಳಗೊಂದು ಬೆರೆಯುತ್ತವೆ ಎಂದು ಬ್ರ್ಯಾಂಗ್ವಿನ್, ಹೈಮನ್ ಮತ್ತು ಸಂಗಡಿಗರು ತೋರಿಸಿದ ಮೇಲೆ ನಾವೆಲ್ಲ ಹನಿ ಹುಡುಕುವವರೇ ಆದೆವು. ನಾನೂ ಅದೇ ಉಮೇದಿನಲ್ಲಿದ್ದೆ. ಜೀನನ್ನು ಜೋರಾಗಿ ಓಡಿಸುವ ಪ್ರಬಲ ಪ್ರಮೋಟರ್ ಇರುವ ಪ್ಲಾಸ್ಮಿಡ್ (ಡಿಎನ್‌ಎ ಬಳೆ), ಅದರಲ್ಲಿ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನು ಬೆಸೆದ ಜಿ3ಬಿಪಿ1, ಅದನ್ನು ಯು2ಒಎಸ್ ಎಂಬ ಮನುಷ್ಯರ ಕ್ಯಾನ್ಸರ್ ಕೋಶಗಳೊಳಗೆ ತೂರಿಸುವ ಟ್ರಾನ್ಸ್‌ಫೆಕ್ಷನ್. ಮಾರನೇ ದಿನವೇ ಚಿತ್ರ ಸಿಗುತ್ತದೆ. ಜಿ3ಬಿಪಿಯನ್ನು ಅತಿಯಾಗಿ ತುಂಬಿದರೆ ಪೆಟ್ಟೇ ಇಲ್ಲದೆ ಗ್ರ್ಯಾನ್ಯೂಲ್ ಕಟ್ಟುತ್ತದೆ ಎಂಬುದು 2003ರಿಂದಲೇ ತಿಳಿದ ಮಾತು. ನಾನೂ ಓದಿದ್ದೆ. ಆದರೂ ನನ್ನ ಡಿಶ್‌ನಲ್ಲಿ ಹಾಗಾಗಲಾರದು ಅಂದುಕೊಂಡಿದ್ದೆ. ಯಾಕೆ ಅಂತ ಕೇಳಿದರೆ ಈಗಲೂ ಉತ್ತರವಿಲ್ಲ.

ಅವತ್ತು ರಾತ್ರಿ ಕೂತು ಎಣಿಸಿದೆ. ಮಂಕಾಗಿ ಹೊಳೆಯುವ ಕೋಶಗಳಲ್ಲಿ ಹನಿ ಇಲ್ಲ, ಕಣ್ಣು ಕೋರೈಸುವ ಕೋಶಗಳಲ್ಲಿ ಹನಿಯೇ ಹನಿ. ಅಂದರೆ ನಾನು ನೋಡುತ್ತಿದ್ದುದು ಒತ್ತಡವನ್ನಲ್ಲ, ಡೋಸನ್ನು. 2020ರಲ್ಲಿ ಜಿ3ಬಿಪಿ1 ಬಗ್ಗೆ ಒಟ್ಟಿಗೇ ಬಂದ ಮೂರು ಪ್ರಬಂಧಗಳ ತಿರುಳೂ ಹೆಚ್ಚುಕಡಿಮೆ ಇದೇ: ಪ್ರೋಟೀನು ಮತ್ತು ಬರಿದಾದ ಆರ್‌ಎನ್‌ಎ ಸೇರಿ ಒಂದು ಹೊಸ್ತಿಲು ದಾಟಬೇಕು, ದಾಟಿದರೆ ಹನಿ. ನಾನು ಪ್ಲಾಸ್ಮಿಡ್ ಸುರಿದು ಕೋಶವನ್ನು ಹೊಸ್ತಿಲಾಚೆ ನೂಕಿದ್ದೆ.

ಹಾಗಾಗಿ ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸಿ ತಿದ್ದುವ ಕ್ರಿಸ್ಪರ್ ಹಿಡಿದೆ. ಕೋಶದ ಸ್ವಂತ ಜೀನಿನ ತುದಿಗೇ ಜಿಎಫ್‌ಪಿ ಹೊಲಿದುಬಿಟ್ಟರೆ ಪ್ರೋಟೀನಿನ ಪ್ರಮಾಣ ಕೋಶ ಇಟ್ಟಷ್ಟೇ ಇರುತ್ತದೆ. ಯಾವ ತುದಿ? ಆರಂಭದಲ್ಲಿ ಎರಡು ಅಣು ಜೋಡಿಯಾಗುವ ಭಾಗವಿದೆ, ಕೊನೆಯಲ್ಲಿ ಆರ್‌ಎನ್‌ಎ ಹಿಡಿಯುವ ಭಾಗ. ಯಾವ ತುದಿಯೂ ಬಿಟ್ಟಿ ಬಿದ್ದಿಲ್ಲ. ಕೊನೆಯನ್ನೇ ಆರಿಸಿ, ನಡುವೆ ಬಳುಕುವ ಲಿಂಕರ್ ಇಟ್ಟೆ. ಜಿಎಫ್‌ಪಿಯಲ್ಲಿ 206ನೇ ಅಲನೀನ್ ಇದ್ದಲ್ಲಿ ಲೈಸೀನ್ ಇರುವ ಮೊನೋಮರ್ ರೂಪವನ್ನೇ ತೆಗೆದುಕೊಂಡೆ. ಸಾದಾ ಜಿಎಫ್‌ಪಿ ತನಗೆ ತಾನೇ ಅಂಟುವ ಗುಣದ್ದು, ಹನಿ ಅಳೆಯುವವರಿಗೆ ಅದಕ್ಕಿಂತ ಕೆಟ್ಟ ಸಹವಾಸ ಇಲ್ಲ. ಜೀನಿನ ಕೊನೆ ಸಾರುವ ಸ್ಟಾಪ್ ಕೋಡಾನ್‌ಗೆ ಆದಷ್ಟು ಹತ್ತಿರ ಕತ್ತರಿಸುವ ಜಾಗ ತೋರಿಸುವ ಗೈಡ್, ಅಲ್ಲಿ ಕೂರಬೇಕಾದ ಜಿಎಫ್‌ಪಿ ತುಂಡು (ಡೋನರ್), ಅದರ ಎರಡೂ ಬದಿ ಕೋಶದ ಡಿಎನ್‌ಎಗೆ ಹೊಂದುವ ಸುಮಾರು 800 ಬೇಸ್‌ಗಳ ಹೋಮಾಲಜಿ ಆರ್ಮ್. ಡೋನರ್‌ನಲ್ಲಿ ಕತ್ತರಿ ಗುರುತು ಹಿಡಿಯುವ ಪ್ಯಾಮ್ ಅಕ್ಷರಗಳನ್ನು ಬದಲಿಸಿದೆ, ಇಲ್ಲದಿದ್ದರೆ ಆ ಕತ್ತರಿ, ಅಂದರೆ ಕ್ಯಾಸ್9, ನಾವು ಕೊಟ್ಟ ತುಂಡನ್ನೂ ಕತ್ತರಿಸಿ ಹಾಕುತ್ತದೆ.

ವಿದ್ಯುತ್ತಿನಿಂದ ಇವನ್ನೆಲ್ಲ ಕೋಶದೊಳಗೆ ತೂರಿಸುವ ಎಲೆಕ್ಟ್ರೋಪೊರೇಷನ್ ಆಗಿ ಹತ್ತು ದಿನಕ್ಕೆ, ಹೊಳೆಯುವ ಕೋಶಗಳನ್ನು ಬೇರ್ಪಡಿಸುವ ಸಾರ್ಟರ್‌ಗೆ ಹಾಕಿದರೆ ನೂರಕ್ಕೆ ಒಂದು ಕೋಶವೂ ಹಸಿರಿಲ್ಲ. ಸಿಕ್ಕವನ್ನು 96 ಗುಳಿಗಳ ಪ್ಲೇಟಿಗೆ ಗುಳಿಗೊಂದರಂತೆ ಬಿಟ್ಟೆ. ಆಮೇಲಿನ ಮೂರು ವಾರ ಶುದ್ಧ ತಾಳ್ಮೆ ಪರೀಕ್ಷೆ. ಅಂಚಿನ ಗುಳಿಗಳು ಮೊದಲು ಒಣಗುತ್ತವೆ, ಅಲ್ಲಿ ಬರೀ ಬಫರ್ ತುಂಬಿಡುವುದು ಒಳ್ಳೆಯದು (ನಾನು ಎರಡನೇ ಸಲ ಕಲಿತೆ). ಒಂಟಿ ಕೋಶಕ್ಕೆ ಹೊಸ ಮೀಡಿಯಂ ಹಿಡಿಸುವುದಿಲ್ಲ. ದಟ್ಟವಾಗಿ ಬೆಳೆದ ಫ್ಲಾಸ್ಕಿನ ಹಳೇ ಮೀಡಿಯಂ ಸೋಸಿ ಅರ್ಧಕ್ಕರ್ಧ ಬೆರೆಸಿದ ಮೇಲೆ ಉಳಿದವು.

ಒಂದೊಂದೇ ಕೋಶದಿಂದ ಬೆಳೆದ ಈ ಕ್ಲೋನ್‌ಗಳಲ್ಲಿ ಜಿಎಫ್‌ಪಿ ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ನೋಡಲು ಪಿಸಿಆರ್ ಮಾಡಿದೆ. ಜೆಲ್‌ನಲ್ಲಿ ಪ್ರತಿ ಲೇನೂ ಬೆಳಗಿತು. 24ಕ್ಕೆ 24. ಇಂಥ ಯಶಸ್ಸು ಯಾರಿಗೂ ಸಿಗುವುದಿಲ್ಲ, ಅಲ್ಲೇ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ವಾರ ಕಳೆದ ಮೇಲೆ. ಪಿಸಿಆರ್ ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಎರಡೂ ಪ್ರೈಮರ್ ಡೋನರ್‌ನ ಒಳಗೇ ಕೂತಿದ್ದವು. ಡೋನರ್ ಜಿನೋಮಿನ ಎಲ್ಲೋ ಮೂಲೆಯಲ್ಲಿ ಸಿಕ್ಕಿಕೊಂಡಿದ್ದರೂ ಬ್ಯಾಂಡ್ ಬರುತ್ತದೆ. ಒಂದು ಪ್ರೈಮರನ್ನು ಹೋಮಾಲಜಿ ಆರ್ಮ್‌ನ ಹೊರಗೆ, ಕೋಶದ ಸ್ವಂತ ಡಿಎನ್‌ಎ ಮೇಲೆ ಇಟ್ಟು ಮತ್ತೆ ಮಾಡಿದಾಗ ಉಳಿದದ್ದು ಆರು ಕ್ಲೋನ್.

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್ ಇನ್ನೂ ಕಟುವಾಗಿತ್ತು. ಜಿ3ಬಿಪಿ1 ಬ್ಯಾಂಡ್ ಸುಮಾರು 68 ಕಿಲೋಡಾಲ್ಟನ್ ಹತ್ತಿರ ಕಾಣುತ್ತದೆ, ಜಿಎಫ್‌ಪಿಯ 27 ಸೇರಿದರೆ 95ರ ಆಸುಪಾಸು. ಐದು ಕ್ಲೋನ್‌ಗಳಲ್ಲಿ ಎರಡೂ ಬ್ಯಾಂಡ್ ಇದ್ದವು. ಯು2ಒಎಸ್ ಕ್ಯಾನ್ಸರ್ ಕೋಶ, ಅನೇಕ ಕ್ರೋಮೋಸೋಮ್‌ಗಳು ಎರಡಕ್ಕಿಂತ ಹೆಚ್ಚು ಪ್ರತಿಯಲ್ಲಿರುತ್ತವೆ; ಎಲ್ಲ ಪ್ರತಿಗೂ ಜಿಎಫ್‌ಪಿ ಕೂರುವುದು ಅಪರೂಪ. ಹದಿನಾಲ್ಕನೇ ಕ್ಲೋನ್ ಒಂದರಲ್ಲೇ ಕೆಳಗಿನ ಬ್ಯಾಂಡ್ ಇರಲಿಲ್ಲ. ಒಂದೇ ಕ್ಲೋನ್ ಮೇಲೆ ನೆಚ್ಚಿ ಕೂರಬಾರದು, ಹಾಗಾಗಿ ಎರಡು ಬ್ಯಾಂಡಿನ ಇನ್ನೊಂದನ್ನೂ ಜೊತೆಗೆ ಓಡಿಸುತ್ತೇನೆ.

ಕ್ಲೋನ್ 14 ಮೈಕ್ರೋಸ್ಕೋಪಿನಡಿ ಬಲು ನೀರಸ. ಸೈಟೋಪ್ಲಾಸಂ ಉದ್ದಕ್ಕೂ ತೆಳು ಹಸಿರು ಮಂಜು, ಹನಿ ಒಂದೂ ಇಲ್ಲ. ಬೆಳಕು ಸಾಲದೆಂದು ಲೇಸರ್ ಏರಿಸಿದರೆ ಅದೇ ಕೋಶಕ್ಕೊಂದು ಪೆಟ್ಟು, ಆದ್ದರಿಂದ ಅಷ್ಟೇ ಲೇಸರ್ ಬೀಳುವ, ಔಷಧಿ ಹಾಕದ ಡಿಶ್ ಪ್ರತಿಸಲ ಪಕ್ಕದಲ್ಲಿರುತ್ತದೆ. 0.5 ಮಿಲಿಮೋಲಾರ್ ಅರ್ಸೆನೈಟ್ ಹಾಕಿ ಕಾದೆ. ಮೊದಲು ಏನೂ ಇಲ್ಲ. ಆಮೇಲೆ ನ್ಯೂಕ್ಲಿಯಸ್ ಪಕ್ಕ ಮಂಜು ಒಂದೆರಡು ಕಡೆ ಹೆಪ್ಪಾಯಿತು, ಅರ್ಧ ಗಂಟೆಯೊಳಗೆ ಕೋಶ ತುಂಬ ಚುಕ್ಕಿ. ಮೊದಲಿನ ವಿಡಿಯೋದಷ್ಟು ದುಂಡಗಿರಲಿಲ್ಲ. ಸಣ್ಣವು, ಅಂಚು ಸೊಟ್ಟ. ಸೈಕ್ಲೋಹೆಕ್ಸಿಮೈಡ್ ಹಾಕಿದೆ. ಅದು ರೈಬೋಸೋಮ್‌ಗಳನ್ನು ಆರ್‌ಎನ್‌ಎ ಮೇಲೇ ಬಿಗಿದು ನಿಲ್ಲಿಸುತ್ತದೆ, ಬರಿದಾದ ಆರ್‌ಎನ್‌ಎ ಸರಬರಾಜು ತಪ್ಪುತ್ತದೆ. ಚುಕ್ಕಿಗಳು ಒಂದೊಂದಾಗಿ ಕರಗಿ ಮತ್ತೆ ಮಂಜು. ನನ್ನ ಮಟ್ಟಿಗೆ, ದ್ರವ ಹನಿಗಳನ್ನು ಕರಗಿಸುತ್ತದೆಂದು ಬಳಸುವ 1,6-ಹೆಕ್ಸಾನ್‌ಡಯಾಲ್ ಸುರಿದು ಕರಗಿಸಿ ತೋರಿಸುವುದಕ್ಕಿಂತ ಇದು ಹತ್ತುಪಾಲು ನಂಬಿಕೆಯ ಪರೀಕ್ಷೆ. ಹೆಕ್ಸಾನ್‌ಡಯಾಲ್ ಪೊರೆಯನ್ನೂ ಕೆಡಿಸುತ್ತದೆ, ಫಾಸ್ಫೇಟ್ ಅಂಟಿಸುವ ಕೈನೇಸ್‌ಗಳನ್ನೂ ಕಟ್ಟಿಹಾಕುತ್ತದೆ. ಕರಗಿದ್ದು ಯಾಕೆ ಅಂತ ಯಾರು ಹೇಳಬೇಕು?

ಫ್ರ್ಯಾಪ್ ಕೂಡ ಮಾಡಿದೆ. ಲೇಸರ್‌ನಿಂದ ಒಂದು ಚುಕ್ಕಿಯ ಹೊಳಪು ಅಳಿಸಿದರೆ ಕೆಲವೇ ಸೆಕೆಂಡಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಜಿ3ಬಿಪಿ1 ಒಳಗೂ ಹೊರಗೂ ಓಡಾಡುತ್ತಿದೆ ಎಂಬಷ್ಟಕ್ಕೆ ಅದು ಸಾಕ್ಷಿ. ಇಡೀ ಚುಕ್ಕಿಯೇ ದ್ರವ ಅಂತ ಅದರಿಂದ ಹೇಳಲು ನನಗೆ ಧೈರ್ಯವಿಲ್ಲ. ಡ್ರಾಫ್ಟಿನಲ್ಲಿ 'ದ್ರವ' ಎಂದಿದ್ದ ಕಡೆಯೆಲ್ಲ 'ಗ್ರ್ಯಾನ್ಯೂಲ್' ಎಂದು ತಿದ್ದಿದೆ, ಮೊದಲ ಚಿತ್ರದ ಜಾಗದಲ್ಲಿ ಹಸಿರು ಮಂಜಿನ ಫೋಟೋ ಹಾಕಿದೆ. ಹನಿಗಳು ಕೂಡಿಕೊಳ್ಳುವ ಆ ವಿಡಿಯೋ ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಫೈಲಿನ ಹೆಸರು ಈಗ 'ಡೋಸ್'.